ಗೈಡಿಗೆ ಎಷ್ಟು ಅಂಕ?

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನ್ನಂಥವರಿಗೆ ಗೈಡ್ ಎಂದರೆ ಹಳೆಯ ಹಗೆ. ಪಠ್ಯಪುಸ್ತಕ ಶಾಲೆಗೆ ಬರುವ ಮೊದಲೇ ಅದು ಪೇಟೆಯ ಅಂಗಡಿಗೆ ಬಂದಿರುತ್ತದೆ. ಮಕ್ಕಳ ಚೀಲದಲ್ಲಿ ಪಠ್ಯಪುಸ್ತಕ ಹೊಸದಾಗಿಯೇ ಉಳಿದು, ಗೈಡಿನ ಮೂಲೆಗಳು ನಾಯಿಕಿವಿಯಾಗಿರುವುದನ್ನು ಕಂಡು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ. ಹೀಗಿರುವಾಗ 2020ರ ಏಪ್ರಿಲ್ ತಿಂಗಳಲ್ಲಿ ನನ್ನ ಮಗನೇ ಒಂದು ಗೈಡ್ ಬರೆದುಕೊಂಡು ಬಂದು ನನ್ನ ಮುಂದೆ ಇಟ್ಟ.

ಲಾಕ್‌ಡೌನಿನ ದಿನಗಳು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಬೆಂಗಳೂರಿನಿಂದ ಮನೆಗೆ ಬಂದಿದ್ದ ಮಗ ಹಗಲೆಲ್ಲ ಕಚೇರಿಯ ಕೆಲಸ ಮಾಡಿ, ರಾತ್ರಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಗೋ ಆಟ ಆಡುತ್ತಿದ್ದ. ನನಗೆ ಅದು ಅಷ್ಟಾಗಿ ಸರಿಬರುತ್ತಿರಲಿಲ್ಲ.

"ಅಮ್ಮ, ಒಂದು ಗೈಡ್ ಬರೆದಿದ್ದೇನೆ. ಒಮ್ಮೆ ನೋಡಿ ತಿದ್ದಿಕೊಡ್ತೀಯಾ?"

"ಎಷ್ಟನೇ ಕ್ಲಾಸಿನದೋ?"

"ಪ್ರೀಸ್ಟ್ ಕ್ಲಾಸಿಂದು."

ಅಂಥದೊಂದು ಕ್ಲಾಸು ನಮ್ಮ ಇಲಾಖೆಯಲ್ಲಿ ಇಲ್ಲ. ಅವನು ನಗುತ್ತ ವಿವರಿಸಿದ. ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರ ತೊಡುತ್ತಾನೆ. ಆ ಪಾತ್ರದ ಬಗೆಗೆ ಕ್ಲಾಸ್ ಎನ್ನುತ್ತಾರೆ. ಮೇಳದಲ್ಲಿ ರಾಜವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ಇರುವ ಹಾಗೆ ಎಂದುಕೊಂಡೆ. ಪ್ರೀಸ್ಟ್ ಎಂದರೆ ನಮ್ಮ ಮನೆಗೆ ಬರುವ ಪುರೋಹಿತರಲ್ಲ. ಪೆಟ್ಟು ತಿಂದ ಜೊತೆಗಾರರ ಗಾಯವನ್ನು ಮಂತ್ರದಿಂದ ಮಾಯಿಸುವವನು. ಮಗನ ತಂಡಕ್ಕೆ ಹೊಸ ಪ್ರೀಸ್ಟುಗಳು ಸೇರಿದ್ದರು. ಅವರಿಗಾಗಿ ಈ ಹನ್ನೆರಡು ಪುಟ.

"ಆಟ ಗೊತ್ತಿಲ್ಲದವರಿಗೂ ಅರ್ಥವಾದರೆ ಸರಿಯಾಗಿದೆ ಅಂತ ಲೆಕ್ಕ. ಅದಕ್ಕೇ ನಿನಗೆ ಕೊಟ್ಟೆ" ಎಂದ.

ಚರಿತ್ರೆ ಹೇಳುವವಳಿಗೆ ಒಂದು ಚಾಳಿ. ಯಾವುದನ್ನೇ ಕೈಗೆತ್ತಿಕೊಂಡರೂ ಅದು ಎಲ್ಲಿಂದ ಬಂತು ಎಂದು ತಿಳಿಯದೆ ಸಮಾಧಾನವಿಲ್ಲ. ಮಗನನ್ನು ಕೇಳಿ, ಓದಿ ತಿಳಿದುಕೊಂಡೆ. ಪಾತ್ರಗಳನ್ನು ಹೀಗೆ ವಿಂಗಡಿಸುವ ಪದ್ಧತಿ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಬಾಯಲ್ಲೇ ಕಥೆ ಕಟ್ಟುತ್ತ ಆಡುವ ಆಟ. ಅದರಲ್ಲಿ ಮೊದಲಿಗೆ ಇದ್ದದ್ದು ಮೂರೇ ಕ್ಲಾಸು: ಕಾದಾಡುವವನು, ಮಂತ್ರವಾದಿ, ಮತ್ತು ಗಾಯ ಮಾಯಿಸಬಲ್ಲ ಪಾದ್ರಿ. ಮಗನ ಪ್ರೀಸ್ಟು ಆ ಪಾದ್ರಿಯ ವಂಶಸ್ಥ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ, ಹಲವರು ಒಟ್ಟಿಗೆ ಕಂಪ್ಯೂಟರಿನಲ್ಲಿ ಆಡುವ 'ಮಡ್' ಎಂಬ ಆಟ ಶುರುಮಾಡಿದ. ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಬರೀ ಅಕ್ಷರ. ಆಮೇಲೆ 1997ರಲ್ಲಿ 'ಅಲ್ಟಿಮಾ ಆನ್‌ಲೈನ್', 1999ರಲ್ಲಿ 'ಎವರ್‌ಕ್ವೆಸ್ಟ್', 2004ರ ನವೆಂಬರ್ 23ರಂದು ಈ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಆಗ ಅದರಲ್ಲಿ ಒಂಬತ್ತು ಕ್ಲಾಸುಗಳಿದ್ದವು. 2010ರ ಹೊತ್ತಿಗೆ ಚಂದಾ ಕಟ್ಟಿ ಆಡುವವರು ಒಂದು ಕೋಟಿ ಇಪ್ಪತ್ತು ಲಕ್ಷ ಎಂದು ಕಂಪನಿ ಹೇಳಿಕೊಂಡಿತು.

ಆಟ ಇದ್ದಲ್ಲಿ ಗೈಡ್ ಇಲ್ಲದಿರುತ್ತದೆಯೇ? ಅಮೆರಿಕದಲ್ಲಿ ಪ್ರಿಮಾ, ಬ್ರೇಡಿ ಗೇಮ್ಸ್ ಎಂಬ ಪ್ರಕಾಶಕರು ದಪ್ಪ ದಪ್ಪ ಗೈಡುಗಳನ್ನು ಬಣ್ಣದಲ್ಲಿ ಅಚ್ಚು ಹಾಕಿ ಮಾರಿದರು. 1995ರಿಂದ 'ಗೇಮ್‌ಫ್ಯಾಕ್ಸ್' ಎಂಬಲ್ಲಿ ಆಟಗಾರರು ತಾವೇ ಬರೆದ ಗೈಡುಗಳನ್ನು ಪುಕ್ಕಟೆಯಾಗಿ ಹಂಚಿಕೊಂಡರು. 2000ದಲ್ಲಿ 'ಫೈನಲ್ ಫ್ಯಾಂಟಸಿ ಒಂಬತ್ತು' ಎಂಬ ಆಟಕ್ಕೆ ಬಂದ ಅಧಿಕೃತ ಗೈಡಿನ ಕಥೆ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ದುಡ್ಡು ಕೊಟ್ಟು ಕೊಂಡ ಪುಸ್ತಕದಲ್ಲಿ ಮುಖ್ಯ ವಿಷಯ ಬಂದಾಗಲೆಲ್ಲ, ಹೆಚ್ಚಿನ ವಿವರಕ್ಕೆ ಇಂಟರ್ನೆಟ್ಟಿನಲ್ಲಿ ನೋಡಿ ಎಂದು ಬರೆದಿತ್ತಂತೆ! ನಮ್ಮೂರ ಗೈಡುಗಳು ಅಷ್ಟು ಧೈರ್ಯ ಮಾಡಿಲ್ಲ. ಆನ್‌ಲೈನ್ ಆಟಕ್ಕೆ ಅಚ್ಚಿನ ಗೈಡ್ ಇನ್ನೂ ಕಷ್ಟ. ಕಂಪನಿ ಆಗಾಗ ನಿಯಮಗಳನ್ನು ಬದಲಿಸುತ್ತಲೇ ಇರುತ್ತದೆ. ಶಾಯಿ ಒಣಗುವುದರೊಳಗೆ ಗೈಡು ಹಳತಾಗುತ್ತದೆ. 2015ರಲ್ಲಿ ಆ ಎರಡೂ ಪ್ರಕಾಶನಗಳು ಒಂದಾದವು. 2018ರಲ್ಲಿ ಗೈಡುಗಳ ಕೆಲಸವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿದರು. ಆದರೆ ಚರಿತ್ರೆಯ ಚಮತ್ಕಾರ ನೋಡಿ. 2019ರ ಆಗಸ್ಟಿನಲ್ಲಿ ಕಂಪನಿ, 2006ರಲ್ಲಿ ಆಟ ಹೇಗಿತ್ತೋ ಹಾಗೆಯೇ ಅದನ್ನು ಮತ್ತೊಮ್ಮೆ ತೆರೆಯಿತು. ರದ್ದಿಗೆ ಹೋಗಬೇಕಿದ್ದ ಹದಿಮೂರು ವರ್ಷ ಹಳೆಯ ಗೈಡುಗಳೆಲ್ಲ ಬೆಳಗಾಗುವುದರೊಳಗೆ ಮತ್ತೆ ನಿಜವಾದವು. ಮಗ ಆಡುತ್ತಿದ್ದದ್ದು ಈ ಹಳೆಯ ಆಟವನ್ನೇ.

ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಆರು ಪುಟ ಬರೀ ಆಜ್ಞೆಗಳು. ಅರವತ್ತನೆಯ ಮಟ್ಟಕ್ಕೆ ಬಂದ ಆಟಗಾರನಿಗೆ ತನ್ನ ಪರಿಣತಿಯ ಮೇಲೆ ಹಂಚಿಕೊಳ್ಳಲು 51 ಅಂಕ ಇರುತ್ತವೆಯಂತೆ. ಇದಕ್ಕೆ ಇಷ್ಟು ಹಾಕಿ, ಅದಕ್ಕೆ ಅಷ್ಟು ಹಾಕಿ. ಈ ಅಂಗಿ ತೊಡಿ, ಆ ಕೋಲು ಹಿಡಿಯಿರಿ. ಯಾಕೆ ಎಂಬುದು ಎಲ್ಲಿಯೂ ಇಲ್ಲ. ನೂರಕ್ಕೆ 38 ಕೊಟ್ಟೆ.

ಮಗನ ಮುಖ ಸಣ್ಣದಾಯಿತು. "ಆಟವೇ ಗೊತ್ತಿಲ್ಲದೆ ಹೇಗಮ್ಮ ಅಂಕ ಕೊಟ್ಟೆ?"

"ಆಟ ಗೊತ್ತಿಲ್ಲ ಕಣೋ. ಬಾಯಿಪಾಠ ಗೊತ್ತು" ಎಂದೆ.

ಆ 38ರಲ್ಲಿ ಹೆಚ್ಚಿನ ಪಾಲು ಏಳನೆಯ ಪುಟಕ್ಕೆ ಸಿಕ್ಕಿದ್ದು. ಅಲ್ಲಿ 'ಐದು ಸೆಕೆಂಡಿನ ನಿಯಮ' ಎಂಬುದನ್ನು ವಿವರಿಸಿದ್ದ. ಪ್ರೀಸ್ಟಿನ ಮಂತ್ರಶಕ್ತಿಗೆ ಮಾನಾ ಎಂದು ಹೆಸರು. ಪ್ರತಿ ಮಂತ್ರಕ್ಕೂ ಅದು ಖರ್ಚಾಗುತ್ತದೆ. ಒಂದು ಮಂತ್ರ ಹಾಕಿದ ಮೇಲೆ ಐದು ಸೆಕೆಂಡು ಸುಮ್ಮನಿದ್ದರೆ ಮಾತ್ರ ಅದು ಬಾವಿಯ ನೀರಿನಂತೆ ಮತ್ತೆ ಚೆನ್ನಾಗಿ ಒಸರತೊಡಗುತ್ತದೆ. ಗಾಬರಿಯಿಂದ ಮೇಲಿಂದ ಮೇಲೆ ಮಂತ್ರ ಹಾಕುವವನ ಬಾವಿ ಬೇಗ ಬತ್ತುತ್ತದೆ. ಇನ್ನೊಂದು ವಿಷಯ: ಎದುರಿನ ರಾಕ್ಷಸ ತನಗೆ ಯಾರಿಂದ ಹೆಚ್ಚು ಅಪಾಯವೆಂದು ಲೆಕ್ಕ ಹಾಕುತ್ತಲೇ ಇರುತ್ತಾನೆ. ಗಾಯ ಮಾಯಿಸಿದರೂ ಆ ಲೆಕ್ಕ ಏರುತ್ತದೆ. ಮುಂದೆ ನಿಂತ ಯೋಧನ ಮೇಲೆ ರಾಕ್ಷಸನ ಗಮನ ಗಟ್ಟಿಯಾಗುವ ಮೊದಲೇ ಅತಿ ಉತ್ಸಾಹದಿಂದ ಶುಶ್ರೂಷೆಗೆ ಇಳಿದರೆ ಅವನು ಪ್ರೀಸ್ಟಿನ ಕಡೆಗೇ ತಿರುಗುತ್ತಾನೆ. ನಲವತ್ತು ಜನ ಸೇರಿ ಆಡುವ ಕಾಳಗದಲ್ಲಿ ಒಬ್ಬ ಪ್ರೀಸ್ಟಿನ ಆತುರ ಎಲ್ಲರನ್ನೂ ಮಲಗಿಸಬಹುದು. ಇಷ್ಟು ತಿಳಿದ ಮೇಲೆ, ಕಾಯಬೇಕು ಎಂದು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ರಾಕ್ಷಸನನ್ನು ಕಾಣದ ನನಗೂ ಅದು ತಿಳಿಯಿತು.

ಅಂಕ ಕೊಟ್ಟಿದ್ದೇನೋ ಆಯಿತು, ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳಲ್ಲಿ ನಾನು ಮಾಡಿದ್ದೇನು? ತರಗತಿಯಲ್ಲಿ ನಿಂತು ನೋಟ್ಸ್ ಬರೆಸುತ್ತಿದ್ದೆ. ಗೈಡನ್ನು ಬೈಯುತ್ತಿದ್ದ ನಾನೇ ನಡೆದಾಡುವ ಗೈಡಾಗಿದ್ದೆ. 1998ರ ಬ್ಯಾಚಿನಲ್ಲಿ ಒಬ್ಬಳು ಹುಡುಗಿಯಿದ್ದಳು. ದಿನವೂ ಆರು ಕಿಲೋಮೀಟರು ನಡೆದು ಬರುತ್ತಿದ್ದಳು. 1857ರ ದಂಗೆಯ ಕಾರಣಗಳು ಎಂದು ನಾನು ಬರೆಸಿದ್ದನ್ನು, ಹಂದಿ ಮತ್ತು ದನದ ಕೊಬ್ಬು ಸವರಿದ ಕಾಡತೂಸಿನವರೆಗೆ, ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಪರೀಕ್ಷೆಯಲ್ಲಿ ಬಂದದ್ದು ಆ ಹೋರಾಟ ಸೋಲಲು ಕಾರಣಗಳೇನು ಎಂಬ ಪ್ರಶ್ನೆ. 1857 ಎಂದು ಕಂಡದ್ದೇ ಅವಳು ಬಾಯಿಪಾಠವನ್ನು ಪೂರ್ತಿ ಬರೆದುಬಂದಳು. ಉಳಿದ ಉತ್ತರಗಳೂ ಹಾಗೆಯೇ ಇದ್ದಿರಬೇಕು; ನನ್ನ ವಿಷಯವೊಂದರಲ್ಲೇ ಫೇಲಾದಳು. ಫಲಿತಾಂಶದ ದಿನ ಶಾಲೆಯ ಜಗಲಿಯಲ್ಲಿ ನಿಂತು, "ಟೀಚರ್, ನಾನು ಬರೆದಿದ್ದು ನಿಮ್ಮ ನೋಟ್ಸೇ ಅಲ್ವಾ?" ಎಂದು ಕೇಳಿದಳು. ಅಳಲಿಲ್ಲ. ಮತ್ತೆ ಪರೀಕ್ಷೆ ಕಟ್ಟಲೂ ಇಲ್ಲ. ಪ್ರಶ್ನೆಯನ್ನು ಸರಿಯಾಗಿ ಓದಬೇಕಿತ್ತು ಎಂದು ನಾನು ಹೇಳಿದೆನೆಂದು ನೆನಪು. ಪ್ರಶ್ನೆಯನ್ನು ಓದುವುದನ್ನು ಅವಳಿಗೆ ಯಾರು ಕಲಿಸಬೇಕಿತ್ತು?

ಬೆಳಿಗ್ಗೆ ಮಗನಿಗೆ ಇದನ್ನು ಹೇಳಿದೆ. ಅವನು ಏನೂ ಅನ್ನಲಿಲ್ಲ. ವಾರದ ನಂತರ ಗೈಡನ್ನು ಪೂರ್ತಿ ಹೊಸದಾಗಿ ಬರೆದು ತಂದ. ಮೊದಲ ಸಾಲಿನಲ್ಲೇ, ಇದು ಆಟದ ಇಂಥ ಆವೃತ್ತಿಗೆ ಮಾತ್ರ, ಆಟ ಬದಲಾದರೆ ಇದನ್ನು ನಂಬಬೇಡಿ ಎಂದು ಹಾಕಿದ್ದ. ಒಂದೊಂದು ಸಲಹೆಯ ಪಕ್ಕದಲ್ಲೂ ಕಾರಣವಿತ್ತು. ಒಂದೇ ಮಂತ್ರಕ್ಕೆ ಹಲವು ಮೆಟ್ಟಿಲುಗಳಿರುತ್ತವೆ, ಸಣ್ಣ ಗಾಯಕ್ಕೆ ಕೆಳಮೆಟ್ಟಿಲಿನ ಮಂತ್ರ ಸಾಕು, ಮಾನಾ ಉಳಿಯುತ್ತದೆ ಎಂದು ಲೆಕ್ಕ ಸಮೇತ ತೋರಿಸಿದ್ದ. 71 ಕೊಟ್ಟೆ. ತಂಡ ಸೋತಾಗ ಎಲ್ಲರೂ ಪ್ರೀಸ್ಟಿನ ಕಡೆ ಬೆರಳು ತೋರಿಸುತ್ತಾರೆಂದು ಅವನೇ ಹೇಳುತ್ತಿದ್ದ. ಆಗ ತನ್ನ ತಪ್ಪು ಯಾವುದು, ತನ್ನದಲ್ಲದ್ದು ಯಾವುದು ಎಂದು ಹುಡುಕುವ ಬಗೆಯನ್ನು ಬರೆದಿರಲಿಲ್ಲ. ಅದಕ್ಕೇ ಉಳಿದ ಅಂಕ ಹಿಡಿದಿಟ್ಟೆ.

ಮುಂದಿನ ವರ್ಷ ಇಬ್ಬರಿಗೂ ಪರೀಕ್ಷೆಯಾಯಿತು. 2021ರ ಜೂನ್‌ನಲ್ಲಿ ಅವನ ಆಟಕ್ಕೆ 'ಬರ್ನಿಂಗ್ ಕ್ರುಸೇಡ್' ಎಂಬ ಮುಂದಿನ ಅಧ್ಯಾಯ ಬಂತು. ಅರವತ್ತರ ಮಟ್ಟ ಎಪ್ಪತ್ತಕ್ಕೆ ಏರಿತು, ಕೆಳಮೆಟ್ಟಿಲಿನ ಮಂತ್ರಗಳ ಲಾಭ ಕುಗ್ಗಿತು, ತೊಡುವ ಅಂಗಿಗಳ ಪಟ್ಟಿಯೆಲ್ಲ ಕೆಲಸಕ್ಕೆ ಬಾರದಾಯಿತು. ಜುಲೈ 19 ಮತ್ತು 22ರಂದು ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನಕ್ಕೆ ಇಳಿದು, ಮೂರು ವಿಷಯ ಒಂದೇ ಪತ್ರಿಕೆಯಲ್ಲಿ, ಬರೀ ಬಹು ಆಯ್ಕೆಯ ಪ್ರಶ್ನೆಗಳಾಗಿ ನಡೆಯಿತು. ಪುಟಗಟ್ಟಲೆ ಉತ್ತರಗಳ ಗೈಡು, ನನ್ನ ಹಳೆಯ ನೋಟ್ಸು, ಎರಡಕ್ಕೂ ಕೆಲಸವಿಲ್ಲ. ಮಗನ ಗೈಡಿನಲ್ಲಿ ಉಳಿದದ್ದೆಷ್ಟು ಎಂದು ಕೇಳಿದೆ. "ಕಾರಣ ಬರೆದ ಪುಟಗಳು ನಡೀತಾ ಇವೆ. ಐದು ಸೆಕೆಂಡ್ ಹಾಗೇ ಇದೆ" ಎಂದ.

ಈಗ ನಾನು ನೋಟ್ಸ್ ಬರೆಸುವುದಿಲ್ಲ ಎಂದರೆ ಸುಳ್ಳಾದೀತು. ಪರೀಕ್ಷೆ ಹತ್ತಿರ ಬಂದಾಗ ಬರೆಸುತ್ತೇನೆ. ಮಕ್ಕಳೂ ಕೇಳುತ್ತಾರೆ, ಪೋಷಕರೂ ಕೇಳುತ್ತಾರೆ. ಆದರೆ ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನು ನಾನೇ ಹೇಳಿಬಿಡುವ ಹಳೆಯ ಆತುರ ಬಂದಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ಐದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾವುದಾದರೂ ಒಂದು ಕೈ ಅರ್ಧ ಮೇಲೇಳುತ್ತದೆ.