ಆಟವೋ, ಜೂಜೋ? ಕ್ಲಬ್ಬುಗಳ ಕಾನೂನಿನ ಕಥೆ

ಯಶವಂತಪುರದಿಂದ ಹೆಬ್ಬಾಳ, ಆರ್.ಟಿ. ನಗರ ದಾಟಿ ಯಲಹಂಕದವರೆಗೆ ಹೋದರೆ ಎಲ್ಲಾದರೊಂದು ಮಹಡಿಯ ಮೇಲೆ ‘ರಿಕ್ರಿಯೇಶನ್ ಕ್ಲಬ್’ ಎಂಬ ಬೋರ್ಡು ಕಣ್ಣಿಗೆ ಬೀಳುವುದುಂಟು. ಒಳಗೆ ಇಸ್ಪೀಟಿನ ಮೇಜು. ಇಂಥ ಕಡೆ ಪೊಲೀಸರ ದಾಳಿಯಾದ ಸುದ್ದಿಯನ್ನೂ ನಾವು ಆಗಾಗ ಪತ್ರಿಕೆಗಳಲ್ಲಿ ಓದುತ್ತೇವೆ. ಜೂಜು ಅಪರಾಧವಾಗಿರುವ ನಾಡಿನಲ್ಲಿ ಈ ಬಾಗಿಲುಗಳು ತೆರೆದಿರುವುದಾದರೂ ಹೇಗೆ?

ಉತ್ತರಕ್ಕಾಗಿ ಕೊಂಚ ಹಿಂದಕ್ಕೆ ಹೋಗಬೇಕು. ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಶುಲ್ಕ ಪಡೆದು ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಅದು ಮುಂಬಯಿ ರಾಜ್ಯದಲ್ಲೂ ಹರಡಿದಾಗ ಅಲ್ಲಿನ ಸರಕಾರ ಲೈಸೆನ್ಸ್ ಮತ್ತು ತೆರಿಗೆ ಕೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಜೂಜು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದು 1957ರಲ್ಲಿ ತೀರ್ಪಾಯಿತು. ಆದರೆ ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದ ಸ್ಪರ್ಧೆ ಜೂಜಲ್ಲ ಎಂಬ ಮಾತೂ ಅದೇ ವರ್ಷ ಬಂತು.

1963ರ ಪೊಲೀಸ್ ಕಾಯ್ದೆ ನಮ್ಮ ರಾಜ್ಯದಲ್ಲಿ ಈ ಗೆರೆಯನ್ನು ಉಳಿಸಿತು. ಅದರ 79 ಮತ್ತು 80ನೇ ಕಲಮುಗಳು ಜೂಜುಕಟ್ಟೆ ನಡೆಸುವವನನ್ನೂ ಅಲ್ಲಿ ಸಿಕ್ಕಿಬೀಳುವವನನ್ನೂ ಶಿಕ್ಷಿಸುತ್ತವೆ. 176ನೇ ಕಲಮು ಶುದ್ಧ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಶನ್ ಕ್ಲಬ್ಬಿನ ಪ್ರಕರಣದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ 1967ರಲ್ಲಿ, ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದರು. ಆದರೆ ಮನೆಯ ಒಡೆಯನೋ ಕ್ಲಬ್ಬೋ ಆಟದಿಂದ ಲಾಭ ಹೊಡೆಯುತ್ತಿದ್ದರೆ ಅಪರಾಧವಾಗಬಹುದು ಎಂದೂ ಎಚ್ಚರಿಸಿದರು. ಕ್ಲಬ್ಬುಗಳು ಮೊದಲ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವು, ಎರಡನೆಯದನ್ನು ಮರೆತವು.

ಬೋರ್ಡಿನಲ್ಲಿ ರಮ್ಮಿ, ಮೇಜಿನ ಮೇಲೆ ಅಂದರ್ ಬಾಹರ್ ಎಂಬ ಸ್ಥಿತಿ ಬಂದದ್ದು ಹೀಗೆ. ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಕಮಿಷನರರ ಲೈಸೆನ್ಸ್ ಬೇಕೆಂಬ ಆದೇಶ 1989ರಲ್ಲಿ ಬಂತು. ತಮ್ಮದು ಸದಸ್ಯರ ಖಾಸಗಿ ಕೂಟ ಎಂದು ಕ್ಲಬ್ಬುಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಸದಸ್ಯರಿಗೆ ಗುರುತಿನ ಚೀಟಿ, ಸಿಸಿಟಿವಿ ಕ್ಯಾಮರಾ, ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಷರತ್ತುಗಳು ಬಂದದ್ದು ಇಂಥ ವ್ಯಾಜ್ಯಗಳಿಂದ.

ಸಂಘಗಳು ಒಳ್ಳೆಯ ಕೆಲಸಕ್ಕೆಂದು ಮಾರುವ ಲಕ್ಕಿ ಕೂಪನ್ನುಗಳ ಕತೆಯೇನು? ಬ್ರಿಟನ್ನಿನ 2005ರ ಜೂಜು ಕಾಯ್ದೆಯಂತೆ ಸಣ್ಣ ಸಂಘಗಳು ಸ್ಥಳೀಯ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡು ಲಾಟರಿ ನಡೆಸಬಹುದು. ಸಂಗ್ರಹದ ಕನಿಷ್ಠ ಶೇ. 20 ಸಂಘದ ಉದ್ದೇಶಕ್ಕೇ ಸಲ್ಲಬೇಕು. ನಮ್ಮಲ್ಲಿ ಸರಕಾರದ ಅನುಮತಿಯಿಲ್ಲದ ಖಾಸಗಿ ಲಾಟರಿ ಅಪರಾಧ. 2007ರಲ್ಲಿ ಕರ್ನಾಟಕ ಎಲ್ಲ ಲಾಟರಿಗಳನ್ನೂ ನಿಷೇಧಿಸಿತು. ದಾನದ ನೆಪ ಹಳೆಯದೇ. ಇಸ್ಲಾಮ್‌ಪೂರ್ವ ಅರಬರು ಬಾಣಗಳಿಂದ ಜೂಜಾಡಿ, ಗೆದ್ದ ಒಂಟೆಯ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಜೂಜಿನಲ್ಲಿ ಪ್ರಯೋಜನವೂ ಇದೆ, ಆದರೆ ಕೆಡುಕೇ ದೊಡ್ಡದು ಎಂಬ ಕುರ್‌ಆನಿನ ಮಾತಿನ ಹಿನ್ನೆಲೆ ಇದೇ. ಪಗಡೆಯಾಟದಲ್ಲಿ ದ್ರೌಪದಿಯನ್ನೇ ಪಣಕ್ಕಿಟ್ಟ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸದಲ್ಲ.

ಮುಂದೆ ಆಟ ಮೊಬೈಲಿಗೆ ಬಂತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯವು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟವೇ ಬೇಡವೆಂಬ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಆ ಕಾಯ್ದೆ ಕ್ಲಬ್ಬಿನ ಮೇಜಿನವರೆಗೆ ಬರುವುದಿಲ್ಲ.

ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಒಂದೇ ಪ್ರಶ್ನೆಯನ್ನು ಏಳು ದಶಕ ಕೇಳಿದೆವು. ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತ ಹಮಾಲಿ ದಿನಗೂಲಿಯನ್ನು ಸೋತು ಬಂದಾಗ ಅವನ ಹೆಂಡತಿಗೆ ಈ ಪ್ರಶ್ನೆಯಿಂದ ಆಗುವುದೇನು? ಸೋತವನ ಹಣ ಯಾರ ಜೇಬಿಗೆ ಹೋಯಿತು ಎಂದು ಹಿದಾಯತುಲ್ಲಾ ಅಂದೇ ನೋಡಹೇಳಿದ್ದರು. ದಾಳಿಗೆ ಹೋಗುವ ಪೊಲೀಸರು ಎಲೆಗಳ ಜತೆಗೆ ಕ್ಲಬ್ಬಿನ ಲೆಕ್ಕದ ಪುಸ್ತಕವನ್ನೂ ತೆರೆಸಲಿ.