ಒಬ್ಬರೇ ಹೊರಟ ಮಕ್ಕಳು: ಕಂಡಕ್ಟರ್ ಸೀಟಿನಿಂದ ವಿಮಾನದ ಫಾರಂವರೆಗೆ

ಇವತ್ತು ಒಂದು ಸಣ್ಣ ನಿಯಮದ ಇತಿಹಾಸ ಹೇಳ್ತೀನಿ. ಕಡಿಮೆ ದರದ ವಿಮಾನದಲ್ಲಿ ಮಕ್ಕಳು ಒಬ್ಬರೇ ಹೋಗಬಹುದಾ? ಎಷ್ಟನೇ ವಯಸ್ಸಿಗೆ? ದಾರಿಯಲ್ಲಿ ಏನಾದ್ರೂ ಆದ್ರೆ ಆ ಮಗು ಯಾರ ಜವಾಬ್ದಾರಿ?

2020ರ ಮೇ 25 ನೆನಪಿದೆಯಾ? ಲಾಕ್‌ಡೌನ್‌ನಿಂದ ಎರಡು ತಿಂಗಳು ನಿಂತಿದ್ದ ದೇಶದೊಳಗಿನ ವಿಮಾನಗಳು ಮತ್ತೆ ಹಾರಿದ ದಿನ. ಅವತ್ತು ದೆಹಲಿಯಿಂದ ಬೆಂಗಳೂರಿಗೆ ಐದು ವರ್ಷದ ಒಬ್ಬ ಹುಡುಗ ಒಬ್ಬನೇ ಬಂದಿಳಿದ. ಮುಖಕ್ಕೆ ಮಾಸ್ಕ್, ಕೈಯಲ್ಲಿ ‘ಸ್ಪೆಷಲ್ ಕೆಟಗರಿ’ ಅಂತ ಬರೆದ ಫಲಕ. ಅಜ್ಜಿ-ತಾತನ ಮನೆಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಮೂರು ತಿಂಗಳ ಮೇಲೆ ಅಮ್ಮನನ್ನ ನೋಡಿದ. ದೇವನಹಳ್ಳಿ ವಿಮಾನ ನಿಲ್ದಾಣದ ಆ ಫೋಟೋ ಎಲ್ಲರ ಫೋನಲ್ಲೂ ಓಡಾಡಿತು.

ಆ ಹುಡುಗನಿಗೆ ನಾಲ್ಕೂಮುಕ್ಕಾಲು ವರ್ಷ ಆಗಿದ್ದಿದ್ರೆ? ಹತ್ತಿಸೋದೇ ಕಷ್ಟ ಆಗ್ತಿತ್ತು. ನಮ್ಮ ದೇಶದ ಹಲವು ವಿಮಾನ ಕಂಪನಿಗಳಲ್ಲಿ ಐದು ತುಂಬದ ಮಗು ಒಬ್ಬರೇ ಹೋಗುವಂತಿಲ್ಲ. 5ರಿಂದ 12ರವರೆಗೆ ‘ಅನ್‌ಅಕಂಪನೀಡ್ ಮೈನರ್’, ಅಂದ್ರೆ ಜೊತೆಗೆ ದೊಡ್ಡವರಿಲ್ಲದ ಮಗು. ಅದಕ್ಕೆ ಬೇರೆ ಫಾರಂ, ಬೇರೆ ಶುಲ್ಕ. 12 ದಾಟಿದರೆ ಟಿಕೆಟ್ ಲೆಕ್ಕದಲ್ಲಿ ನೀವು ದೊಡ್ಡವರು. ಈ 12 ಎಲ್ಲಿಂದ ಬಂತು?

ನಾನು ಮೈಸೂರಿನವನು, ಹಾಗಾಗಿ ಬಸ್ಸಿನಿಂದಲೇ ಶುರು ಮಾಡ್ತೀನಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಕೆಲಸ ಶುರು ಮಾಡಿತು. ಇವತ್ತಿನ ಕೆಎಸ್‌ಆರ್‌ಟಿಸಿಯ ಮೂಲ ಅದೇ. ನಮ್ಮ ಕಡೆ ಬಸ್ಸಿನ ಜೊತೆಗೇ ಬೆಳೆದ ಒಂದು ಪದ್ಧತಿ ಇದೆ. ಬೇಸಿಗೆ ರಜೆ ಬಂತು ಅಂದ್ರೆ ಮಗನನ್ನೋ ಮಗಳನ್ನೋ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಕರ್ಕೊಂಡು ಬರೋದು, ಕಂಡಕ್ಟರ್ ಹತ್ರ ಹೋಗಿ, ‘ಸಾರ್, ಸ್ವಲ್ಪ ನೋಡ್ಕೊಳ್ಳಿ. ಮಂಡ್ಯದಲ್ಲಿ ಇಳಿಸಿಬಿಡಿ, ಇವನ ಮಾವ ಬಂದಿರ್ತಾರೆ’ ಅನ್ನೋದು. ಕಂಡಕ್ಟರ್ ಮಗುವನ್ನ ಮುಂದಿನ ಸೀಟಲ್ಲೇ ಕೂರಿಸ್ಕೊಳ್ತಿದ್ರು. ಮಾವ ಬರೋದು ತಡವಾದ್ರೆ ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ಬಿಟ್ಟು ಹೋಗ್ತಿದ್ರು.

ಇದಕ್ಕೆ ಫಾರಂ ಇರಲಿಲ್ಲ, ಶುಲ್ಕ ಇರಲಿಲ್ಲ. ಅರ್ಧ ಟಿಕೆಟ್ ತಗೊಂಡ್ರೆ ಮುಗೀತು. ಆರರಿಂದ ಹನ್ನೆರಡು ವರ್ಷದವರೆಗೆ ಬಸ್ಸಲ್ಲಿ ಅರ್ಧ ಟಿಕೆಟ್. ರೈಲಲ್ಲಿ 5ರಿಂದ 12. ಅಂದ್ರೆ 12 ಅನ್ನೋದು ಮೂಲತಃ ದರದ ಗಡಿ. ಮಗು ಒಬ್ಬರೇ ಎಷ್ಟು ದೂರ ಹೋಗಬಲ್ಲದು ಅಂತ ಅಳೆದು ಇಟ್ಟ ಗೆರೆ ಅಲ್ಲ.

ಈ ನಂಬಿಕೆ ವ್ಯವಸ್ಥೆ ನಮ್ಮೊಬ್ಬರದ್ದೇ ಅಲ್ಲ. ಅಮೆರಿಕದಲ್ಲಿ 1913ರ ಜನವರಿಯಲ್ಲಿ ಪಾರ್ಸೆಲ್ ಅಂಚೆ ಶುರುವಾಯ್ತು. ಮರುವರ್ಷ ಫೆಬ್ರವರಿಯಲ್ಲಿ ಐಡಾಹೋ ರಾಜ್ಯದ ಒಂದು ಕುಟುಂಬ ತಮ್ಮ ಮಗಳು ಮೇ ಪಿಯರ್‌ಸ್ಟಾರ್ಫ್‌ಳನ್ನ ಅಜ್ಜಿ ಮನೆಗೆ ಅಂಚೆಯಲ್ಲೇ ಕಳಿಸಿತು! ರೈಲು ಟಿಕೆಟ್ಟಿಗಿಂತ ಅಂಚೆ ಅಗ್ಗ. 53 ಸೆಂಟ್‌ನ ಸ್ಟಾಂಪನ್ನ ಅವಳ ಕೋಟಿಗೆ ಅಂಟಿಸಿದ್ರು. ಕೇಳೋಕೆ ತಮಾಷೆ. ಆದರೆ ಆ ರೈಲಿನ ಅಂಚೆ ಡಬ್ಬಿಯಲ್ಲಿ ಕೆಲಸಕ್ಕಿದ್ದ ಗುಮಾಸ್ತ ಅವಳ ತಾಯಿ ಕಡೆಯ ಸಂಬಂಧಿ, ಅವರೇ ನೋಡ್ಕೊಂಡು ಕರ್ಕೊಂಡು ಹೋದ್ರು. ಸ್ಟಾಂಪು ಪ್ರಯಾಣಕ್ಕೆ ಕೊಟ್ಟ ಬೆಲೆ. ಮಗುವನ್ನ ಕಾಪಾಡಿದ್ದು ಪರಿಚಯದ ಮನುಷ್ಯ. ಆಮೇಲೆ ಅಂಚೆ ಇಲಾಖೆ, ಮನುಷ್ಯರನ್ನ ಪಾರ್ಸೆಲ್ ಮಾಡುವಂತಿಲ್ಲ ಅಂತ ನಿಯಮ ಮಾಡಿತು.

ವಿಮಾನದಲ್ಲಿ ಹೀಗೆ ಪರಿಚಯದ ಮನುಷ್ಯ ಸಿಗಲ್ಲ. ಅದಕ್ಕೆ ಬದಲಾಗಿ ಬಂದವರು ಗಗನಸಖಿಯರು. 1930ರ ಮೇ ತಿಂಗಳಲ್ಲಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಸೇರಿದ ಎಲೆನ್ ಚರ್ಚ್, ಜಗತ್ತಿನ ಮೊದಲ ಗಗನಸಖಿ, ಓದಿದ್ದು ನರ್ಸಿಂಗ್. ಅವರ ಜೊತೆ ಸೇರಿದವರೂ ನರ್ಸ್‌ಗಳೇ. ವಿಮಾನದಲ್ಲಿ ಹೆದರಿದವರನ್ನ, ವಾಂತಿ ಮಾಡಿಕೊಂಡವರನ್ನ ನೋಡಿಕೊಳ್ಳೋದೂ ಟಿಕೆಟ್ಟಿನ ಒಳಗೇ ಸೇರಿತ್ತು. ಆಗ ಟಿಕೆಟ್ ದುಬಾರಿ. ನಮ್ಮಲ್ಲಿ 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣ ಆದಮೇಲೆ ಹಲವು ದಶಕ ದೇಶದೊಳಗೆ ಹಾರೋದು ಅಂದ್ರೆ ಇಂಡಿಯನ್ ಏರ್‌ಲೈನ್ಸ್. ರಜೆಗೆ ಅಜ್ಜಿ ಊರಿಗೆ ಮಗುವನ್ನ ವಿಮಾನದಲ್ಲಿ ಕಳಿಸೋ ಮನೆಗಳು ಬೆರಳೆಣಿಕೆ.

ಇದನ್ನ ಬದಲಾಯಿಸಿದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಸಣ್ಣ ಎಟಿಆರ್ ವಿಮಾನ, ಊಟ-ತಿಂಡಿಗೆ ಬೇರೆ ದುಡ್ಡು, ಸೀಟಿಗೆ ನಂಬರ್ ಇಲ್ಲ, ಬಸ್ಸಿನ ಥರ ಸಿಕ್ಕಿದ ಕಡೆ ಕೂರೋದು. ಮುಂದೆ ಒಂದು ರೂಪಾಯಿ ಟಿಕೆಟ್ಟೂ ಬಂತು. ಕಂಪನಿಯ ಗುರುತಿನ ಚಿತ್ರ ಯಾವುದು ಗೊತ್ತಾ? ಆರ್. ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. ಲಕ್ಷ್ಮಣ್ ಹುಟ್ಟಿ ಬೆಳೆದಿದ್ದು ನಮ್ಮ ಮೈಸೂರಲ್ಲೇ. ಚೌಕುಳಿ ಕೋಟು, ಪಂಚೆಯ ಆ ಮನುಷ್ಯ ವಿಮಾನ ಹತ್ತಿದ. 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ ಬಂದವು.

ಟಿಕೆಟ್ ಅಗ್ಗ ಆಗಿದ್ದು ಹೇಗೆ? ಮುಖ್ಯ ಉಪಾಯ ಒಂದೇ: ಹಳೇ ಟಿಕೆಟ್ಟನ್ನ ಬಿಡಿ ಬಿಡಿ ಮಾಡಿದ್ರು. ಊಟಕ್ಕೆ ಬೇರೆ, ಲಗೇಜಿಗೆ ಬೇರೆ, ಕಿಟಕಿ ಸೀಟಿಗೆ ಬೇರೆ ದುಡ್ಡು. ಬೇಕಾದವರು ಕೊಡ್ಲಿ, ಬೇಡದವರು ಯಾಕೆ ಕೊಡಬೇಕು ಅನ್ನೋ ನ್ಯಾಯ. ಇದರಿಂದ ಲಕ್ಷಾಂತರ ಜನ ಮೊದಲ ಸಲ ವಿಮಾನ ಹತ್ತಿದ್ರು, ಅದನ್ನ ನಾನು ಸಣ್ಣ ವಿಷಯ ಅನ್ನಲ್ಲ. ಆದರೆ ಬಿಡಿಸಿಟ್ಟ ಸಾಮಾನುಗಳ ಪಟ್ಟಿಯಲ್ಲಿ ಇನ್ನೊಂದೂ ಇತ್ತು: ಮಗುವನ್ನ ನೋಡಿಕೊಳ್ಳೋದು. ಕಂಡಕ್ಟರ್ ಸುಮ್ಮನೆ ಮಾಡ್ತಿದ್ದ ಕೆಲಸಕ್ಕೆ ಇಲ್ಲಿ ರೇಟ್ ಬಂತು. ಇನ್ನೊಂದು ವಿಚಿತ್ರ ನೋಡಿ. ನಮ್ಮ ಬಜೆಟ್ ವಿಮಾನಗಳಲ್ಲಿ ಎರಡು ವರ್ಷ ದಾಟಿದ ಮಗುವಿಗೆ ಸಾಮಾನ್ಯವಾಗಿ ಪೂರ್ತಿ ದರ. ರೈಲಲ್ಲೂ 2016ರ ಏಪ್ರಿಲ್‌ನಿಂದ ಮಗುವಿಗೆ ಬರ್ತ್ ಬೇಕಂದ್ರೆ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ಹೋಯ್ತು, ಅದರ 12ರ ಗಡಿ ಮಾತ್ರ ಉಳೀತು. 2024ರಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ, ಮಕ್ಕಳಿಗೆ ಜೊತೆಯಲ್ಲಿ ಬಂದ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕು ಅಂತ ಹೇಳಿದಾಗಲೂ ಇಟ್ಟ ವಯಸ್ಸು 12.

ಒಂದೊಂದು ಕಂಪನಿ ಒಂದೊಂದು ಕಡೆ ಗೆರೆ ಎಳೆದಿದೆ. ಅಮೆರಿಕದ ಸೌತ್‌ವೆಸ್ಟ್‌ನಲ್ಲಿ 5ರಿಂದ 11 ವರ್ಷದವರು ಶುಲ್ಕ ಕೊಟ್ಟು ಒಬ್ಬರೇ ಹೋಗಬಹುದು. ಯುರೋಪಿನ ರಯಾನ್‌ಏರ್‌ನಲ್ಲಿ 16 ತುಂಬದವರು ಒಬ್ಬರೇ ಹತ್ತುವಂತೆಯೇ ಇಲ್ಲ. ಇದೇನು ಐರ್ಲೆಂಡಿನ ಮಕ್ಕಳು ದಡ್ಡರು, ನಮ್ಮ ಮಕ್ಕಳು ಚುರುಕು ಅಂತಾನಾ? ಖಂಡಿತ ಅಲ್ಲ. ನೋಡಿಕೊಳ್ಳೋಕೆ ಒಬ್ಬ ಸಿಬ್ಬಂದಿ ಬೇಕು, ಸಿಬ್ಬಂದಿ ಅಂದ್ರೆ ಖರ್ಚು. ಆ ಖರ್ಚು ಬೇಡ ಅಂದವರು ಮಕ್ಕಳನ್ನೇ ಬೇಡ ಅಂದ್ರು.

ಅಮೆರಿಕದ ಬಜೆಟ್ ಕಂಪನಿ ಫ್ರಂಟಿಯರ್‌ನ ಉದಾಹರಣೆ ಕೇಳಿ. 2018ರ ಜುಲೈನಲ್ಲಿ ಒಂಬತ್ತು ಮತ್ತು ಏಳು ವರ್ಷದ ಅಣ್ಣ-ತಂಗಿ ಶುಲ್ಕ ಕಟ್ಟಿಸಿಕೊಂಡೇ ಒರ್ಲಾಂಡೋ ಕಡೆ ಹೊರಟಿದ್ರು. ಹವಾಮಾನ ಕೆಟ್ಟು ವಿಮಾನ ಅಟ್ಲಾಂಟಾದಲ್ಲಿ ಇಳೀತು. ಮಕ್ಕಳನ್ನ ಸಿಬ್ಬಂದಿಯೊಬ್ಬರ ಜೊತೆ ಹೋಟೆಲಿಗೆ ಕರ್ಕೊಂಡು ಹೋದ್ರು. ತಮಗೆ ಸರಿಯಾಗಿ ತಿಳಿಸಲೇ ಇಲ್ಲ ಅಂತ ಪೋಷಕರು ದೂರಿದ್ರು. ಅದೇ ನವೆಂಬರ್‌ನಲ್ಲಿ ಕಂಪನಿ ಆ ಸೇವೆಯನ್ನೇ ನಿಲ್ಲಿಸಿ, 15ರೊಳಗಿನವರು ಒಬ್ಬರೇ ಬರುವಂತಿಲ್ಲ ಅಂದಿತು. 2023ರ ಡಿಸೆಂಬರ್‌ನಲ್ಲಿ ಸ್ಪಿರಿಟ್ ಅನ್ನೋ ಇನ್ನೊಂದು ಬಜೆಟ್ ಕಂಪನಿ, ಫೋರ್ಟ್ ಮೈಯರ್ಸ್‌ಗೆ ಹೋಗಬೇಕಿದ್ದ ಆರು ವರ್ಷದ ಮಗುವನ್ನ ಒರ್ಲಾಂಡೋ ವಿಮಾನಕ್ಕೆ ಹತ್ತಿಸಿಬಿಟ್ಟಿತು. ಮಗು ಸುರಕ್ಷಿತವಾಗಿ ಸಿಕ್ಕಿತು, ಕಂಪನಿ ಕ್ಷಮೆ ಕೇಳಿತು.

ಈ ಎರಡು ಘಟನೆ ಹೇಳೋದು ಒಂದೇ ಮಾತು. ಎಲ್ಲ ಸರಿ ಇದ್ದಾಗ ಮಗು ಒಬ್ಬರೇ ಹೋಗೋದು ಕಷ್ಟವೇ ಅಲ್ಲ, ಸೀಟಲ್ಲಿ ಕೂತಿರುತ್ತೆ ಅಷ್ಟೆ. ವಿಮಾನ ತಡವಾದಾಗ, ರದ್ದಾದಾಗ, ಬೇರೆ ಊರಲ್ಲಿ ಇಳಿದಾಗ ಪಕ್ಕದಲ್ಲಿ ಯಾರಿರ್ತಾರೆ ಅನ್ನೋದೇ ಪ್ರಶ್ನೆ. ನೀವು ಕಟ್ಟೋ ಶುಲ್ಕ ನಿಜವಾಗಿ ಇರೋದು ಆ ಕೆಟ್ಟ ದಿನಕ್ಕೆ.

ಈಗ ಮೈಸೂರಿಗೆ ಬರೋಣ. ಮಂಡಕಳ್ಳಿ ವಿಮಾನ ನಿಲ್ದಾಣ 1940ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಕಟ್ಟಿದ್ದು. ಎಂಬತ್ತರ ದಶಕದಲ್ಲಿ ವಾಯುದೂತ್ ಬಂದು ಹೋಯ್ತು. 2010ರಲ್ಲಿ ಹೊಸ ಟರ್ಮಿನಲ್ ಜೊತೆ ಕಿಂಗ್‌ಫಿಷರ್ ಬಂತು, ಅದೂ ನಿಂತಿತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು. ರನ್‌ವೇ ಉದ್ದ 1,740 ಮೀಟರ್, ಎಟಿಆರ್‌ಗೆ ಸಾಕು, ಏರ್‌ಬಸ್‌ಗೆ ಸಾಲದು. ಹಾಗಾಗಿ ಇಲ್ಲಿಂದ ನೇರ ವಿಮಾನ ಇರೋ ಊರುಗಳು ತೀರಾ ಕಡಿಮೆ. ದೆಹಲಿಗೋ ಪುಣೆಗೋ ಹೋಗಬೇಕಂದ್ರೆ ನಡುವೆ ವಿಮಾನ ಬದಲಿಸಬೇಕು. ಒಬ್ಬರೇ ಹೋಗೋ ಮಕ್ಕಳನ್ನ ಹಲವು ಕಂಪನಿಗಳು ಒಪ್ಪದೇ ಇರೋದು ಅಲ್ಲೇ, ಕನೆಕ್ಟಿಂಗ್ ವಿಮಾನದಲ್ಲಿ. ಪರಿಣಾಮ? ಮೈಸೂರಿನ ಮಗುವಿಗೆ ದಾರಿ ಅಂದ್ರೆ ಸುಮಾರು 180 ಕಿಲೋಮೀಟರ್ ದೂರದ ದೇವನಹಳ್ಳಿ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಜೊತೆಗೆ ಅಪ್ಪನೋ ಅಮ್ಮನೋ ಒಂದು ದಿನ ರಜೆ ಹಾಕಿ ಬರಬೇಕು. ನಿಯಮ ಬರೆಯುವಾಗ ಕಣ್ಣ ಮುಂದಿದ್ದದ್ದು ದೊಡ್ಡ ಊರಿನ ಮಗು.

ನನ್ನನ್ನ ಹೆಚ್ಚು ಕಾಡೋದು ಇನ್ನೊಂದು ವಯಸ್ಸು, ಹನ್ನೆರಡರಿಂದ ಹದಿನೆಂಟು. ನಮ್ಮ ದೇಶದಲ್ಲಿ 1875ರ ವಯಸ್ಕತನ ಕಾಯ್ದೆಯಿಂದ ಇವತ್ತಿನವರೆಗೂ ದೊಡ್ಡವರು ಅಂದ್ರೆ 18. ಹದಿಮೂರರ ಹುಡುಗಿ ಕಾನೂನಿಗೆ ಮಗು, ಟಿಕೆಟ್ಟಿಗೆ ದೊಡ್ಡವಳು. ವಿಮಾನ ರದ್ದಾಗಿ ರಾತ್ರಿ ಉಳೀಬೇಕು ಅಂದ್ರೆ ಒಬ್ಬಳಿಗೇ ರೂಮ್ ಕೊಡೋಕೆ ಹೋಟೆಲ್‌ನವರು ಒಪ್ಪಲ್ಲ. ಫಾರಂ ಇಲ್ಲ ಅಂದ್ಮೇಲೆ ಅವಳನ್ನ ಹೆಸರು ಹಿಡಿದು ಹುಡುಕೋ ಸಿಬ್ಬಂದಿಯೂ ಇಲ್ಲ. ಕೋಚಿಂಗ್‌ಗೆ, ಟೂರ್ನಮೆಂಟ್‌ಗೆ, ಅಕ್ಕನ ಮನೆಗೆ ಅಂತ ಒಬ್ಬರೇ ಹೊರಡೋ ವಯಸ್ಸು ಇದೇ ಅಲ್ವಾ? ದೊಡ್ಡವರ ದರ ತಗೊಳ್ಳೋಕೆ ಬಳಸೋ ಗೆರೆಯನ್ನೇ ಕೈ ಬಿಡೋಕೂ ಬಳಸೋದು ನ್ಯಾಯ ಅಲ್ಲ. 18ರೊಳಗಿನವರು ಒಬ್ಬರೇ ಇದ್ದಾರೆ ಅಂತ ಬುಕಿಂಗ್‌ನಲ್ಲೇ ಗೊತ್ತಾಗುತ್ತೆ. ವಿಮಾನ ಕೈಕೊಟ್ಟಾಗ ಅವರ ಮನೆಗೆ ಒಂದು ಫೋನ್, ಜೊತೆಗೆ ಕೂರೋಕೆ ಒಬ್ಬರು, ಇಷ್ಟನ್ನ ಕಡ್ಡಾಯ ಮಾಡೋದು ದೊಡ್ಡ ಖರ್ಚಿನ ಮಾತಲ್ಲ.

ಅಲ್ಲಿಯವರೆಗೆ, ತಮ್ಮನನ್ನೋ ತಂಗಿಯನ್ನೋ ಒಬ್ಬರೇ ಕಳಿಸೋ ಯೋಚನೆ ಇದ್ರೆ ಟಿಕೆಟ್ಟಿಗೆ ಮುಂಚೆ ನಾಲ್ಕು ವಿಷಯ ಕೇಳಿ. ಈ ವಯಸ್ಸಿನವರನ್ನ ಒಬ್ಬರೇ ಒಪ್ತೀರಾ? ಇದು ನೇರ ವಿಮಾನವಾ? ಇಳಿಯೋ ಕಡೆ ಕರ್ಕೊಳ್ಳೋರು ಯಾವ ಗುರುತಿನ ಚೀಟಿ ತರಬೇಕು? ಬೇರೆ ಊರಲ್ಲಿ ಇಳಿದ್ರೆ ಜೊತೆಗೆ ಯಾರಿರ್ತಾರೆ? ಆದಷ್ಟೂ ದಿನದ ಕೊನೆಯ ವಿಮಾನ ಬೇಡ, ಅದು ರದ್ದಾದ್ರೆ ಮುಂದಿನದು ನಾಳೆಯೇ. ಮನೆಯವರ ನಂಬರನ್ನ ಫೋನಲ್ಲಿ ಮಾತ್ರ ಅಲ್ಲ, ಚೀಟಿಯಲ್ಲೂ ಬರೆದು ಜೇಬಿಗೆ ಹಾಕಿ.

ನೀವು ಹದಿಮೂರು-ಹದಿನಾಲ್ಕಕ್ಕೆ ಒಬ್ಬರೇ ವಿಮಾನ ಹತ್ತಿದವರಾಗಿದ್ರೆ, ಅವತ್ತು ನಿಮ್ಮನ್ನ ಯಾರು ವಿಚಾರಿಸಿಕೊಂಡ್ರು ಅಂತ ವಾಯ್ಸ್ ನೋಟ್ ಮಾಡಿ ಕಳಿಸಿ. ಯಾರೂ ವಿಚಾರಿಸಲಿಲ್ಲ ಅಂದ್ರೆ ಅದನ್ನೂ ಹೇಳಿ.