ಹಲಗೆಯ ಮೇಲಿನ ಅಕ್ಷರ

ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ರಚಿಸಿದನೆಂದು ಹೆಸರಾದ ಕುಮಾರವ್ಯಾಸನು, ಒಮ್ಮೆ ಇಟ್ಟ ಪದವನ್ನು ಮತ್ತೆ ಅಳಿಸಲಿಲ್ಲವೆಂಬುದನ್ನು ತನ್ನ ಹೆಮ್ಮೆಯಾಗಿ ಹೇಳಿಕೊಂಡಿದ್ದಾನೆ. ನಮ್ಮಂಥ ಸಾಮಾನ್ಯರಿಗೆ ಆ ಭಾಗ್ಯವಿಲ್ಲ. ನಾವು ಬರೆಯುತ್ತೇವೆ, ಹೊಡೆದುಹಾಕುತ್ತೇವೆ, ಕೆಳಗಿನ ಸಾಲನ್ನು ಮೇಲಕ್ಕೆ ತರುತ್ತೇವೆ. ಹಿಂದೆ ಪತ್ರಿಕೆಯ ಕಚೇರಿಗಳಲ್ಲಿ ಲೇಖನಿಯ ಪಕ್ಕದಲ್ಲಿ ಕತ್ತರಿಯೂ ಗೋಂದಿನ ಬಾಟಲಿಯೂ ಇರುತ್ತಿದ್ದುದು ಇದಕ್ಕಾಗಿಯೇ. ಬೇಕಾದ ಭಾಗವನ್ನು ಕತ್ತರಿಸಿ ಬೇಕಾದಲ್ಲಿ ಅಂಟಿಸಿದರೆ ಕೆಲಸ ಮುಗಿಯಿತು.

ಈ ಕತ್ತರಿ ಮತ್ತು ಗೋಂದನ್ನು ಗಣಕಯಂತ್ರದೊಳಕ್ಕೆ ತಂದವರಲ್ಲಿ ಮುಖ್ಯನಾದವನು ಲ್ಯಾರಿ ಟೆಸ್ಲರ್. ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಅವನೂ ಟಿಮ್ ಮಾಟ್ ಎಂಬ ಸಹೋದ್ಯೋಗಿಯೂ ಕೂಡಿ 1974–75ರ ಸುಮಾರಿಗೆ ‘ಜಿಪ್ಸಿ’ ಎಂಬ ಬರವಣಿಗೆಯ ತಂತ್ರಾಂಶವನ್ನು ಸಿದ್ಧಪಡಿಸಿದರು. ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ ಮಾಡಿದುದಾದ್ದರಿಂದ ಅವರ ಮೇಜಿನ ಮಾತುಗಳೇ ಅದರೊಳಗೆ ಬಂದವು: ಕಟ್, ಕಾಪಿ, ಪೇಸ್ಟ್. ನಕಲು ತೆಗೆಯುವುದಕ್ಕೆ ನಮ್ಮ ಊರುಗಳಲ್ಲಿ ಯಾವ ಕಂಪನಿಯ ಹೆಸರು ನಾಮಪದವಾಗಿದೆಯೋ ಅದೇ ಕಂಪನಿಯಲ್ಲಿ ಈ ನಕಲಿನ ವಿದ್ಯೆಯೂ ಬೆಳೆಯಿತೆಂಬುದು ಸ್ವಾರಸ್ಯದ ಸಂಗತಿ. ಟೆಸ್ಲರ್ 1980ರಲ್ಲಿ ಆಪಲ್ ಕಂಪನಿಯನ್ನು ಸೇರಿದನು. ಆ ಕಂಪನಿಯ 1983ರ ಲಿಸಾ, 1984ರ ಮ್ಯಾಕಿಂಟಾಷ್ ಯಂತ್ರಗಳಲ್ಲಿ ಈ ವಿದ್ಯೆ ಜನಸಾಮಾನ್ಯರ ಕೈಗೆ ಬಂದಿತು. ಕಡತದ ಚಿತ್ರವನ್ನು ಮೌಸಿನಿಂದ ಹಿಡಿದು, ಎಳೆದು, ಬೇಡವಾದರೆ ಕಸದ ಬುಟ್ಟಿಗೆ ಬಿಡುವ ರೀತಿಯೂ ಆಗಲೇ ರೂಢಿಯಾಯಿತು. ಟೆಸ್ಲರ್ 2020ರ ಫೆಬ್ರುವರಿಯಲ್ಲಿ ತೀರಿಕೊಂಡನು.

ಕತ್ತರಿಸಿದ ಅಥವಾ ನಕಲು ಮಾಡಿದ ಮಾತು ಅಂಟಿಸುವವರೆಗೆ ಎಲ್ಲಿರುತ್ತದೆ? ಅದಕ್ಕಾಗಿ ಯಂತ್ರದ ನೆನಪಿನಲ್ಲಿ ಒಂದು ಸ್ಥಳವುಂಟು. ಅದಕ್ಕೆ ಕ್ಲಿಪ್‌ಬೋರ್ಡು ಎಂದು ಹೆಸರು. ಹಲಗೆ ಎಂದರೂ ಸಲ್ಲುತ್ತದೆ. ಶಾಲೆಯ ಕರಿಹಲಗೆಯಂತೆಯೇ ಇದರ ಗುಣ. ಸಾಮಾನ್ಯವಾಗಿ ಹೊಸದನ್ನು ಬರೆದರೆ ಹಳೆಯದು ಅಳಿಯುತ್ತದೆ. ಆದರೆ ಇನ್ನೊಂದು ವಿಶೇಷವಿದೆ. ಕೊಡುವ ತಂತ್ರಾಂಶವು ಒಂದೇ ಮಾತನ್ನು ಹಲಗೆಯ ಮೇಲೆ ಹಲವು ರೂಪಗಳಲ್ಲಿ ಇಡಬಲ್ಲದು: ಬರಿಯ ಅಕ್ಷರಗಳಾಗಿ, ಫಾಂಟಿನ ಹೆಸರು ಮತ್ತು ಬಣ್ಣಗಳೊಡನೆ, ಕೆಲವು ವೇಳೆ ಚಿತ್ರವಾಗಿಯೂ. ತೆಗೆದುಕೊಳ್ಳುವ ತಂತ್ರಾಂಶವು ತನಗೆ ತಿಳಿಯುವ ರೂಪವನ್ನು ಆರಿಸಿಕೊಳ್ಳುತ್ತದೆ. ಎಳೆದು ಬಿಡುವಾಗಲೂ ಹೀಗೆಯೇ. ಆಗ ಗಂಟು ಹಲಗೆಯ ಮೇಲೆ ಇಳಿಯದೆ ಕೈಯಿಂದ ಕೈಗೆ ಹೋಗುತ್ತದೆ, ಅಷ್ಟೆ.

ಈ ಆಯ್ಕೆಯ ಹಾದಿಯಲ್ಲಿಯೇ ಕನ್ನಡವು ಎಡವಿತು. ಅದಕ್ಕೆ ಕಾರಣವುಂಟು. ಮನೆ ಮತ್ತು ಕಚೇರಿಗಳಿಗೆ ಬಂದ ಯಂತ್ರಗಳು ಇಂಗ್ಲಿಷಿಗಾಗಿ ಸಿದ್ಧವಾದವು. ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಕನ್ನಡದ ಕೆಲಸ ನಿಲ್ಲುವಂತಿರಲಿಲ್ಲ. ಆದುದರಿಂದ ನಮ್ಮವರು ಉಪಾಯ ಹೂಡಿದರು. ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದರು: ತಲೆಕಟ್ಟಿಗೆ ಒಂದು ಮನೆ, ಕೊಂಬಿಗೆ ಒಂದು, ದೀರ್ಘಕ್ಕೆ ಒಂದು. ಶೇಷಾದ್ರಿ ವಾಸು ಅವರ ‘ಬರಹ’ವು 1998ರಲ್ಲಿ ಬಂದಿತು. ಮುಂದೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ರಾಜ್ಯದ ಕಚೇರಿಗಳಲ್ಲೆಲ್ಲ ಹರಡಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಿಂದ ಬೆರಳಚ್ಚು ಸುಲಭವಾಯಿತು. ಈ ಉಪಕಾರ ಸಣ್ಣದಲ್ಲ. ಅವು ಇರದಿದ್ದರೆ ಆ ಕಾಲದಲ್ಲಿ ಕನ್ನಡದ ಕಾಗದಪತ್ರಗಳು ಗಣಕವನ್ನು ಹತ್ತುವುದೇ ಕಷ್ಟವಾಗುತ್ತಿತ್ತು.

ಆದರೆ ಯಂತ್ರದ ಲೆಕ್ಕದಲ್ಲಿ ಅದು ಕನ್ನಡವಾಗಿರಲಿಲ್ಲ. ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರವಾಗಿತ್ತು. ನಮ್ಮ ಮೂರು ಊರುಗಳ ಹೆಸರನ್ನೇ ನೋಡೋಣ. ನುಡಿಯ ಹಳೆಯ ಫಾಂಟಿನಲ್ಲಿ ‘ರೋಣ’ ಎಂದು ಬರೆದರೆ ಐದು ತುಣುಕುಗಳಾಗುತ್ತವೆ, ‘ನರಗುಂದ’ ಹತ್ತು, ‘ಗಜೇಂದ್ರಗಡ’ ಹದಿಮೂರು. ಇವುಗಳನ್ನು ಹಲಗೆಗೆ ಏರಿಸಿ, ಫಾಂಟಿನ ಹೆಸರನ್ನೂ ಒಯ್ಯಬಲ್ಲ ಇನ್ನೊಂದು ಕಡತಕ್ಕೆ ಅಂಟಿಸಿದರೆ, ಆ ಫಾಂಟು ಅಲ್ಲಿಯೂ ಇದ್ದರೆ, ಎಲ್ಲವೂ ಸರಿ. ಬರಿಯ ಅಕ್ಷರಗಳನ್ನು ಮಾತ್ರ ಒಪ್ಪುವ ಸ್ಥಳಕ್ಕೆ ಅಂಟಿಸಿದರೆ ಫಾಂಟು ಹಿಂದೆ ಉಳಿಯುತ್ತದೆ, ವೇಷ ಕಳಚುತ್ತದೆ. ಆಗ ಊರಿನ ಹೆಸರಿನ ಬದಲು ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ ನೆರೆಯುತ್ತದೆ. ಮದುವೆಯ ಕರೆಯೋಲೆಯನ್ನೋ ಅರ್ಜಿಯನ್ನೋ ಬೆರಳಚ್ಚು ಮಾಡಿಸಿ, ಬೇರೊಂದು ಯಂತ್ರದಲ್ಲಿ ತೆರೆದು ಬೆಚ್ಚಿದವರಿಗೆ ಇದು ಹೊಸ ಮಾತಲ್ಲ.

ಇದಕ್ಕೆ ಮದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಈ ಒಪ್ಪಂದದ ಮೊದಲ ಆವೃತ್ತಿ 1991ರಲ್ಲಿ ಹೊರಬಿದ್ದಾಗಲೇ ಕನ್ನಡಕ್ಕೆ ಅದರಲ್ಲಿ 128 ಮನೆಗಳ ಕೇರಿ ದೊರೆತಿತ್ತು. ಇಲ್ಲಿ ಎಣಿಕೆ ಆಕಾರದ್ದಲ್ಲ, ಅಕ್ಷರದ್ದು. ‘ರೋಣ’ಕ್ಕೆ ಮೂರು ಸಂಖ್ಯೆ, ‘ನರಗುಂದ’ಕ್ಕೆ ಆರು, ‘ಗಜೇಂದ್ರಗಡ’ಕ್ಕೆ ಒಂಬತ್ತು. ‘ಕರ್ನಾಟಕ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ‘ನಾ’ದ ನಂತರ ಕಂಡರೂ ಕಿವಿಗೆ ಮೊದಲು ಕೇಳುತ್ತದೆಯಲ್ಲವೆ? ಯೂನಿಕೋಡ್ ಕಿವಿಯ ಕ್ರಮವನ್ನು ಹಿಡಿಯಿತು. ಆದರೂ ಒಪ್ಪಂದವು ಬಳಕೆಗೆ ಬರಲು ಕಾಲ ಹಿಡಿಯಿತು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್‌ನಲ್ಲಿ ಕನ್ನಡದ ಯೂನಿಕೋಡ್ ಫಾಂಟಾದ ‘ತುಂಗಾ’ ಬಂದುದು 2001ರ ಎಕ್ಸ್‌ಪಿ ಆವೃತ್ತಿಯೊಡನೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಬೆಳೆಯಿತು. ಈಗಿನ ಮೊಬೈಲಿನಲ್ಲಿ ಒಂದು ಕನ್ನಡ ಸಾಲನ್ನು ಒತ್ತಿ ಹಿಡಿದು ನಕಲು ಮಾಡಿ ಮಗಳಿಗೆ ಕಳಿಸಿದರೆ, ಅವಳು ಯಾವ ದೇಶದಲ್ಲಿದ್ದರೂ ಅದು ಕನ್ನಡವಾಗಿಯೇ ಮುಟ್ಟುತ್ತದೆ.

ಇಲ್ಲಿಗೆ ಕತೆ ಮುಗಿಯಿತೆಂದು ತಿಳಿಯಬಾರದು. ನಡುವಿನ ವರ್ಷಗಳಲ್ಲಿ ಹಳೆಯ ಫಾಂಟುಗಳಲ್ಲಿ ಬರೆದುದರ ಗತಿಯೇನು? ಶಾಲೆಯ ಸಂಚಿಕೆಗಳು, ಊರಿನ ಇತಿಹಾಸದ ಪುಸ್ತಕಗಳು, ಸಂಘಗಳ ನಡಾವಳಿಗಳು, ತಂದೆಯವರು ಹೇಳಿ ಬರೆಯಿಸಿದ ನೆನಪುಗಳು, ಎಷ್ಟೋ ಇನ್ನೂ ಅದೇ ವೇಷದಲ್ಲಿವೆ. ಅವುಗಳಲ್ಲಿ ‘ನರಗುಂದ’ ಎಂದು ಕನ್ನಡದಲ್ಲಿ ಹುಡುಕಿದರೆ ಯಂತ್ರಕ್ಕೆ ಸಿಕ್ಕುವುದಿಲ್ಲ. ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸಲು ಬರುವುದಿಲ್ಲ. ಫಾಂಟು ಕಾಣೆಯಾದ ದಿನ ಓದುವುದೂ ಕಷ್ಟ. ಪರಿವರ್ತಿಸುವ ತಂತ್ರಾಂಶಗಳನ್ನು ಆಸಕ್ತರು ಸಿದ್ಧಪಡಿಸಿ ಉಚಿತವಾಗಿ ಕೊಟ್ಟಿದ್ದಾರೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಅದಲು ಬದಲಾಗದಂತೆ ಮನುಷ್ಯನ ಕಣ್ಣು ಒಮ್ಮೆ ಓದಲೇಬೇಕು.

ನಮ್ಮ ಓಲೆಗರಿಗಳು ಉಳಿದುದು ಗರಿಯ ಗಟ್ಟಿತನದಿಂದಲ್ಲ. ಒಂದು ಪ್ರತಿ ಜೀರ್ಣವಾಗುವ ಮೊದಲೇ ಯಾರೋ ಒಬ್ಬರು ಕುಳಿತು ಇನ್ನೊಂದು ಪ್ರತಿ ಮಾಡಿ, ತಪ್ಪಿದ್ದರೆ ಕ್ಷಮಿಸಿರೆಂದು ಕೊನೆಯಲ್ಲಿ ಬೇಡಿಕೊಂಡುದರಿಂದ. ಆ ಕೆಲಸಕ್ಕೆ ಆಗ ತಿಂಗಳುಗಳು ಬೇಕಿದ್ದವು. ಈಗ ಒಂದು ಮಧ್ಯಾಹ್ನ ಸಾಕು. ಮನೆಯಲ್ಲಿ ಹಳೆಯ ಸಿ.ಡಿ.ಯೋ ಹಳೆಯ ಗಣಕವೋ ಇದ್ದರೆ, ಅದು ತೆರೆದುಕೊಳ್ಳುವಷ್ಟು ದಿನ ಇರುವಾಗಲೇ ಅದರಲ್ಲಿರುವ ಕನ್ನಡವನ್ನು ಯೂನಿಕೋಡಿಗೆ ಇಳಿಸಿ, ಒಮ್ಮೆ ಓದಿ ನೋಡುವುದು ಒಳ್ಳೆಯದು.